ಘಾಟಿ ಇಳಿಯುವ ಎಲೆಕ್ಟ್ರಿಕ್ ಕಾರಿಗೆ ಎಂಥ ಟೈರು?

ಹುಲಿಕೆರೆಯ ಹೊಯ್ಸಳರ ಕೊಳ ನೋಡಿಕೊಂಡು ಹೊರಟ ಕಾರು ಹಳೇಬೀಡು, ಬೇಲೂರು, ಮೂಡಿಗೆರೆ ದಾಟಿ ಚಾರ್ಮಾಡಿ ಘಾಟಿಯ ತಲೆಯಲ್ಲಿರುವ ಕೊಟ್ಟಿಗೆಹಾರ ಮುಟ್ಟಲು ನೂರು ಕಿಲೋಮೀಟರೂ ಬೇಕಿಲ್ಲ. ಅಷ್ಟರೊಳಗೆ ರಸ್ತೆಯ ಗುಣವೇ ಬೇರೆಯಾಗಿರುತ್ತದೆ. ಜುಲೈನಲ್ಲಿ ಅರಸೀಕೆರೆ ಕಡೆಯ ತೆಂಗಿನ ತೋಟಗಳು ಮಳೆಗಾಗಿ ಮುಗಿಲು ನೋಡುತ್ತಿರುವಾಗಲೇ ಚಾರ್ಮಾಡಿಯಲ್ಲಿ ಡಾಂಬರಿನ ಮೇಲೆ ನೀರು ಹರಿಯುತ್ತಿರುತ್ತದೆ, ಎದುರಿನ ಬಸ್ಸು ಕಾಣದಷ್ಟು ಮಂಜು ಕವಿದಿರುತ್ತದೆ. ತುಮಕೂರು–ಮಂಗಳೂರು ರಾಷ್ಟ್ರೀಯ ಹೆದ್ದಾರಿ 73 ಈ ಎರಡೂ ಸೀಮೆಗಳನ್ನು ಹಾದು ಹೋಗುತ್ತದೆ. ಹಿಮ ಬೀಳುವ ದೇಶದವರು ಚಳಿಗಾಲ ಬರುವ ಮೊದಲೇ ಟೈರು ಬದಲಿಸಿಕೊಳ್ಳುತ್ತಾರೆ. ನಮ್ಮ ಎಲೆಕ್ಟ್ರಿಕ್ ಕಾರಿನವರು ಘಾಟಿಯ ಮಳೆಗಾಲಕ್ಕೆ ಅಷ್ಟೇ ಮುತುವರ್ಜಿ ವಹಿಸಬೇಕು.

1. ಹಿಮದ ಟೈರು ಇಲ್ಲಿಗೆ ಬೇಡ.
ಮೂರು ಶಿಖರಗಳ ಬೆಟ್ಟ, ಅದರೊಳಗೊಂದು ಹಿಮದ ಹಳಕು: ಈ ಗುರುತಿರುವ ಟೈರಿನ ರಬ್ಬರು ಸುಮಾರು 7 ಡಿಗ್ರಿಗಿಂತ ಕೆಳಗಿನ ಚಳಿಯಲ್ಲೂ ಮೆತ್ತಗಿರಲೆಂದು ಮಾಡಿದ್ದು. ಹಳೇಬೀಡಿನ ಬಿಸಿಲಿಗೆ ಅದು ತೀರಾ ಮೆತ್ತಗಾಗಿ ಬೇಗ ಸವೆಯುತ್ತದೆ, ಬ್ರೇಕ್ ಹಾಕಿದಾಗ ಕಾರು ಹೆಚ್ಚು ದೂರ ಹೋಗಿ ನಿಲ್ಲುತ್ತದೆ. 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿಯಲ್ಲೂ ಹಿಮ ಬೀಳುವುದಿಲ್ಲ. ಮ್ಯೂನಿಕ್ಕಿನಲ್ಲಿರುವ ಮಗನಿಗೋ ಮಗಳಿಗೋ ಮಾತ್ರ ಇದಕ್ಕೆ ತದ್ವಿರುದ್ಧವಾದ ಮಾತು ಹೇಳಿ. ಜರ್ಮನಿಯಲ್ಲಿ 2024ರ ಅಕ್ಟೋಬರ್‌ನಿಂದ ಹಿಮದ ರಸ್ತೆಗೆ ಈ ಗುರುತಿರುವ ಟೈರೇ ಆಗಬೇಕು, ಬರೀ ‘ಎಂ+ಎಸ್’ ಎಂದು ಬರೆದಿದ್ದರೆ ಸಾಲದು.

2. ಮೊದಲು ಒದ್ದೆ ರಸ್ತೆಯ ಹಿಡಿತ, ಆಮೇಲೆ ರೇಂಜು.
ಟೈರಿನ ಅಂಗಡಿಯಲ್ಲಿ ಎಲೆಕ್ಟ್ರಿಕ್ ಕಾರು ಎಂದ ಕೂಡಲೇ ರೇಂಜಿನ ಮಾತು ಶುರುವಾಗುತ್ತದೆ. ಚಕ್ರ ಉರುಳುವಾಗ ರಬ್ಬರು ಒತ್ತಿಕೊಂಡು, ಮತ್ತೆ ಹಿಗ್ಗಿ ಬಿಸಿಯಾಗುತ್ತದೆ. ಆ ಬಿಸಿಯೆಲ್ಲ ಬ್ಯಾಟರಿಯಿಂದ ಹೋದದ್ದು. ಅದನ್ನು ತಗ್ಗಿಸಿದರೆ ರೇಂಜು ಹೆಚ್ಚುವುದು ನಿಜ. ಆದರೆ ತಗ್ಗಿಸಲು ಇರುವ ಅಗ್ಗದ ದಾರಿಯೆಂದರೆ ಗಟ್ಟಿ ರಬ್ಬರು ಮತ್ತು ಆಳ ಕಡಿಮೆಯಿರುವ ಗೆರೆಗಳು. ಒದ್ದೆ ರಸ್ತೆಯಲ್ಲಿ ಎರಡೂ ಅಪಾಯ. ಸಿಲಿಕಾ ಬೆರೆಸಿದ ಒಳ್ಳೆಯ ರಬ್ಬರಿನಲ್ಲಿ ರೇಂಜೂ ಹಿಡಿತವೂ ಒಟ್ಟಿಗೆ ಸಿಗುತ್ತವೆ, ಬೆಲೆ ತುಸು ಜಾಸ್ತಿ. ಘಾಟಿ ಓಡಾಟ ಇರುವವರು ಈ ದುಡ್ಡಿಗೆ ಹಿಂದೆಮುಂದೆ ನೋಡಬಾರದು. ಎಲೆಕ್ಟ್ರಿಕ್ ಮೋಟಾರು ಪೆಡಲ್ ಒತ್ತಿದ ಕ್ಷಣವೇ ಪೂರ್ತಿ ಎಳೆತ ಕೊಡುವುದರಿಂದ ಒದ್ದೆ ಏರಿನಲ್ಲಿ ಚಕ್ರ ನಿಂತಲ್ಲೇ ಸುತ್ತುವ ಸಂಭವ ಪೆಟ್ರೋಲ್ ಕಾರಿಗಿಂತ ಹೆಚ್ಚು.

ನಮ್ಮ ದೇಶದ ಎಐಎಸ್-142 ಮಾನದಂಡ ಒದ್ದೆ ಹಿಡಿತಕ್ಕೊಂದು ಕನಿಷ್ಠ ಮಟ್ಟ ಗೊತ್ತುಮಾಡಿದೆ. ಅದು ಪಾಸಾದ ಲೆಕ್ಕ ಅಷ್ಟೇ, ಎಷ್ಟು ಚೆನ್ನಾಗಿ ಪಾಸಾಯಿತೆಂದು ಹೇಳುವುದಿಲ್ಲ. ಅದೇ ಮಾದರಿ ಯುರೋಪಿನಲ್ಲೂ ಮಾರಾಟವಾಗುತ್ತಿದ್ದರೆ ಅಲ್ಲಿನ ಲೇಬಲ್ ಹುಡುಕಿ ನೋಡಿ. ಒದ್ದೆ ಹಿಡಿತಕ್ಕೆ ‘ಎ’ಯಿಂದ ‘ಇ’ವರೆಗೆ ದರ್ಜೆ ಇರುತ್ತದೆ, ‘ಎ’ ಅಥವಾ ‘ಬಿ’ ಇರಲಿ. ಕೆಲವು ಕಿಲೋಮೀಟರ್ ರೇಂಜು ಕಡಿಮೆಯಾದರೆ ಹಾಸನದಲ್ಲಿ ಇನ್ನೊಂದಿಷ್ಟು ಹೊತ್ತು ಚಾರ್ಜಿಗೆ ಹಾಕಿದರಾಯಿತು. ಚಾರ್ಮಾಡಿಯ ಅಣ್ಣಪ್ಪಸ್ವಾಮಿ ಗುಡಿಯ ಆಸುಪಾಸಿನ ತಿರುವಿನಲ್ಲಿ ಕಾರು ನಾಲ್ಕು ಮೀಟರ್ ಹೆಚ್ಚು ಜಾರಿದರೆ ಅದಕ್ಕೆ ಮದ್ದಿಲ್ಲ.

3. ಭಾರದ ಸಂಖ್ಯೆ ಇಳಿಸಬೇಡಿ.
ಟೈರಿನ ಪಕ್ಕದಲ್ಲಿ 215/60 ಆರ್16 95ಎಚ್ ಎಂದಿದೆ ಎನ್ನಿ. ಆ 95 ಎಂದರೆ ಒಂದು ಟೈರು 690 ಕಿಲೋ ಹೊರಬಲ್ಲದು. 91 ಆದರೆ 615 ಮಾತ್ರ. ಬ್ಯಾಟರಿಯ ತೂಕವೇ ಇನ್ನೂರು, ಮುನ್ನೂರು ಕಿಲೋ ಇರುವ ಕಾರಿಗೆ ಅಳತೆ ಕೂಡುತ್ತದೆಂದು ಕಡಿಮೆ ಸಂಖ್ಯೆಯದು ಹಾಕಿಸುವುದು ಸಲ್ಲದು. ಅಂದಕ್ಕೆಂದು ಅಗಲದ ಟೈರು ಹಾಕಿಸುವುದೂ ಬೇಡ. ಅಗಲವಾದಷ್ಟೂ ನಿಂತ ನೀರಿನ ಮೇಲೆ ಬೇಗ ತೇಲುತ್ತದೆ, ರೇಂಜೂ ತಿನ್ನುತ್ತದೆ.

4. ಹುಟ್ಟಿದ ವಾರ ಓದಿ.
ಟೈರಿನ ಪಕ್ಕದಲ್ಲಿರುವ ಡಾಟ್ (DOT) ಗುರುತಿನ ಕೊನೆಯ ನಾಲ್ಕು ಅಂಕಿ 2325 ಎಂದಿದ್ದರೆ 2025ರ 23ನೇ ವಾರದಲ್ಲಿ ತಯಾರಾದದ್ದು. ಗೋಡೌನಿನಲ್ಲಿ ವರ್ಷಗಟ್ಟಲೆ ಕೂತ ಟೈರನ್ನು ರಿಯಾಯಿತಿ ಕೊಟ್ಟರೂ ಕೊಳ್ಳಬೇಡಿ.

5. ಮೃಗಶಿರಾ ಮಳೆಗೆ ಮುಂಚೆ ಗೆರೆ ಅಳೆಯಿರಿ.
ಕಾನೂನಿನ ಪ್ರಕಾರ ಕಾರಿನ ಟೈರಿನ ಗೆರೆ 1.6 ಮಿಲಿಮೀಟರ್‌ವರೆಗೆ ಸವೆಯಬಹುದು. ಘಾಟಿಗೆ ಅದು ಸಾಲದು. 3 ಮಿಲಿಮೀಟರಿಗೆ ಬಂದಾಗಲೇ ಬದಲಿಸಿ. ನೀರನ್ನು ಹೊರಗೆ ದೂಡುವುದು ಆ ಗೆರೆಗಳೇ. ಎಲೆಕ್ಟ್ರಿಕ್ ಕಾರಿನ ಭಾರಕ್ಕೂ ಎಳೆತಕ್ಕೂ ಟೈರು ಬೇಗ ಸವೆಯುವುದರಿಂದ ಹಳೆಯ ಪೆಟ್ರೋಲ್ ಕಾರಿನ ಅಂದಾಜು ಇಲ್ಲಿ ಕೆಲಸಕ್ಕೆ ಬಾರದು.

6. ಎರಡೇ ಹೊಸತಾದರೆ ಹಿಂದಕ್ಕೆ ಹಾಕಿಸಿ.
ಎಳೆಯುವುದು ಮುಂದಿನ ಚಕ್ರ, ಹೊಸದು ಅಲ್ಲಿಗೇ ಇರಲಿ ಎಂಬ ವಾದ ಸಾಮಾನ್ಯ. ಒಪ್ಪಬೇಡಿ. ಮುಂದಿನ ಚಕ್ರ ಜಾರಿದರೆ ಕಾರು ನೇರಕ್ಕೆ ಹೋಗಲು ನೋಡುತ್ತದೆ, ವೇಗ ಇಳಿಸಿದರೆ ಹತೋಟಿಗೆ ಸಿಗುವುದುಂಟು. ಹಿಂದಿನದು ಜಾರಿದರೆ ಇಡೀ ಕಾರೇ ತಿರುಗಿಬಿಡುತ್ತದೆ, ಅದನ್ನು ಸರಿಪಡಿಸುವುದು ಪಳಗಿದ ಕೈಗೂ ಕಷ್ಟ.

7. ಡಿಕ್ಕಿ ತೆರೆದು ಸ್ಟೆಪ್ನಿ ಇದೆಯೇ ನೋಡಿ.
ಟೈರಿನ ಗಾಳಿ ತೋರಿಸುವ ವ್ಯವಸ್ಥೆ ಮತ್ತು ಪಂಚರ್ ಕಿಟ್ ಇದ್ದರೆ ಸ್ಟೆಪ್ನಿ ಕೊಡದಿದ್ದರೂ ನಡೆಯುತ್ತದೆ ಎಂದು 2020ರಲ್ಲಿ ನಿಯಮ ತಿದ್ದಿದರು. ಮೊಳೆ ಚುಚ್ಚಿದರೆ ಕಿಟ್ ಸಾಕು. ಟೈರಿನ ಪಕ್ಕ ಸೀಳಿದರೆ ಅದರಿಂದ ಏನೂ ಆಗದು. 2019ರ ಆಗಸ್ಟಿನಲ್ಲಿ ಗುಡ್ಡ ಕುಸಿದು ತಿಂಗಳುಗಟ್ಟಲೆ ಬಂದ್ ಆಗಿದ್ದ ದಾರಿ ಚಾರ್ಮಾಡಿ. ಮಳೆಗಾಲದಲ್ಲಿ ಅಂಚಿನಲ್ಲಿ ಚೂಪು ಕಲ್ಲು ಬಿದ್ದಿರುವುದು ಮಾಮೂಲು. ಪಕ್ಕದ ಗೋಡೆ ಗಟ್ಟಿಯಿರುವ ಟೈರು ಕೇಳಿ. ಜಾಗವಿದ್ದರೆ ಬೇರೆ ಚಕ್ರವೊಂದನ್ನು ಹಾಕಿಕೊಂಡೇ ಹೊರಡಿ.

8. ಗಾಳಿ ಮನೆಯ ಬಾಗಿಲಲ್ಲೇ ನೋಡಿ.
ಹತ್ತು ಕಿಲೋಮೀಟರ್ ಓಡಿ ಬಿಸಿಯಾದ ಟೈರಿನ ಲೆಕ್ಕ ಸುಳ್ಳು. ಡ್ರೈವರ್ ಬಾಗಿಲ ಕಂಬದ ಮೇಲೆ ಬರೆದಷ್ಟೇ ಇರಲಿ. ಹಿಡಿತ ಹೆಚ್ಚಲೆಂದು ಮಳೆಯಲ್ಲಿ ಗಾಳಿ ಇಳಿಸಿದರೆ ಗೆರೆಗಳು ಮುಚ್ಚಿಕೊಂಡು ನೀರು ಹೋಗಲು ದಾರಿಯಿರುವುದಿಲ್ಲ.

9. ತುಂಬಿದ ಬ್ಯಾಟರಿಯಲ್ಲಿ ಘಾಟಿ ಇಳಿಯಬೇಡಿ.
ಇಳಿಜಾರಿನಲ್ಲಿ ಮೋಟಾರೇ ಕಾರನ್ನು ತಡೆದು ಬ್ಯಾಟರಿಗೆ ಕರೆಂಟು ಕೊಡುತ್ತದೆ. ಬ್ಯಾಟರಿ ತುಂಬಿದ್ದರೆ ಆ ಕರೆಂಟಿಗೆ ಜಾಗವಿಲ್ಲ, ತಡೆಯೂ ಕುಗ್ಗುತ್ತದೆ, ಭಾರವೆಲ್ಲ ಮಾಮೂಲಿ ಬ್ರೇಕಿನ ಮೇಲೆ ಬೀಳುತ್ತದೆ. ಕೊಟ್ಟಿಗೆಹಾರಕ್ಕೆ ಬರುವಾಗ ಬ್ಯಾಟರಿ ಶೇಕಡ 80ರ ಒಳಗಿದ್ದರೆ ಒಳ್ಳೆಯದು. ಇನ್ನೊಂದು ಎಚ್ಚರ: ಮುಂದಿನ ಚಕ್ರ ಎಳೆಯುವ ಕಾರಿನಲ್ಲಿ ಈ ತಡೆ ಮುಂದಿನ ಎರಡು ಟೈರುಗಳಿಗೆ ಮಾತ್ರ ಬೀಳುತ್ತದೆ. ಜಡಿಮಳೆಯಲ್ಲಿ ಹೇರ್‌ಪಿನ್ ತಿರುವಿನ ನಡುವೆ ಪೆಡಲಿನಿಂದ ಕಾಲು ತಟ್ಟನೆ ತೆಗೆದರೆ ಅವು ಜಾರಬಹುದು. ತಡೆಯ ಮಟ್ಟವನ್ನು ಒಂದು ಹಂತ ಇಳಿಸಿಕೊಂಡು, ತಿರುವಿಗೆ ಮೊದಲೇ ನೇರ ರಸ್ತೆಯಲ್ಲಿ ವೇಗ ತಗ್ಗಿಸಿ, ಕಾಲನ್ನು ನಿಧಾನಕ್ಕೆ ಎತ್ತಿ.