ಚಳಿ ನೋಡಿ ಅಲ್ಲ, ಎಂಜಿನ್ ನೋಡಿ ಎಣ್ಣೆ ಹಾಕಿಸು

ಮಗಾ, ಮೊನ್ನೆ ಬೆಳಗ್ಗೆ ಆರು ಗಂಟೆಗೆ ನಿನ್ನ ಡೀಸೆಲ್ ಕಾರು ಮೂರು ಸಲ ಸೆಲ್ಫ್ ಹೊಡೆದ ಮೇಲೆ ಕೆಮ್ಮುತ್ತಾ ಸ್ಟಾರ್ಟ್ ಆಗಿದ್ದು ನಮ್ಮ ಜಗುಲಿಗೂ ಕೇಳಿಸಿತು. ಸಂಜೆ ಬಂದು, ‘ದೊಡ್ಡಪ್ಪಾ, ಚಳಿಗಾಲಕ್ಕೆ ಬೇರೆ ಆಯಿಲ್ ಹಾಕಿಸಬೇಕಾ?’ ಎಂದು ಕೇಳಿದೆ. ನಿಂತಲ್ಲೇ ಹೌದು, ಇಲ್ಲ ಎಂದು ಹೇಳಿ ಕಳಿಸುವ ಮಾತಲ್ಲ ಅದು. ಕೂತು ಕೇಳು.

ಧನುರ್ಮಾಸದಲ್ಲಿ ಬಚ್ಚಲುಮನೆಯ ಕೊಬ್ಬರಿ ಎಣ್ಣೆ ಬಾಟಲಿಯಲ್ಲೇ ಗಟ್ಟಿಯಾಗುತ್ತದಲ್ಲ, ಅದನ್ನು ನೋಡಿದವರಿಗೆ ಎಂಜಿನ್ ಆಯಿಲೂ ಹಾಗೇ ಹೆಪ್ಪುಗಟ್ಟುತ್ತದೆ ಎಂಬ ಭಯ. ಕೊಬ್ಬರಿ ಎಣ್ಣೆ 24 ಡಿಗ್ರಿಯ ಆಸುಪಾಸಿನಲ್ಲೇ ಗಟ್ಟಿಯಾಗುವಂಥದ್ದು. ಎಂಜಿನ್ ಆಯಿಲ್ಲಿನ ಜಾತಿಯೇ ಬೇರೆ. ನಮ್ಮ ಮತ್ತಿಗಿರಿ, ಹೊಸೂರು, ತಳಿ, ಡೆಂಕಣಿಕೋಟೆ ಸೀಮೆಯಲ್ಲಿ ಎಷ್ಟೇ ಮಂಜು ಬಿದ್ದರೂ ಹತ್ತು ಡಿಗ್ರಿಗಿಂತ ಕೆಳಗಿಳಿಯುವ ಬೆಳಗು ಅಪರೂಪ. ನಮಗೆ ಕಂಬಳಿ ಬೇಕಾಗುವ ಈ ಚಳಿ ಎಂಜಿನ್ ಆಯಿಲ್ಲಿಗೆ ಲೆಕ್ಕಕ್ಕೇ ಇಲ್ಲ.

ಡಬ್ಬಿಯ ಮೇಲೆ 15ಡಬ್ಲ್ಯು-40 ಎಂದು ಬರೆದಿರುತ್ತದೆ. ಈ ಡಬ್ಲ್ಯು ಚಳಿಗಾಲದ ಗುರುತು. ಅದರ ಹಿಂದಿನ 15ನ್ನು ‘ಹದಿನೈದು ಡಿಗ್ರಿವರೆಗೆ ನಡೆಯುತ್ತದೆ’ ಎಂದು ಓದುವವರಿದ್ದಾರೆ, ಅದು ತಪ್ಪು. ಆ ಅಂಕಿ ಬರೀ ದರ್ಜೆ. ಸೊನ್ನೆಗಿಂತ 20 ಡಿಗ್ರಿ ಕೆಳಗಿನ ಚಳಿಯಲ್ಲಿ ಎಂಜಿನ್ ತಿರುಗಲು ಬಿಡುತ್ತದೆಯೇ, 25 ಡಿಗ್ರಿ ಕೆಳಗೂ ಪಂಪಿಗೆ ಸಿಗುತ್ತದೆಯೇ ಎಂದು ಪರೀಕ್ಷೆ ಮಾಡಿ ಈ ದರ್ಜೆ ಕೊಡುತ್ತಾರೆ. 5ಡಬ್ಲ್ಯು ಎಂದಿದ್ದರೆ ಆ ಪರೀಕ್ಷೆ ಇನ್ನೂ ಹತ್ತು ಹತ್ತು ಡಿಗ್ರಿ ಕೆಳಗೆ. ಆಚೆಯ 40, 30 ಎಂಬುದು ಎಂಜಿನ್ ಕಾದು 100 ಡಿಗ್ರಿಯಾದಾಗ ಎಣ್ಣೆ ಎಷ್ಟು ದಪ್ಪಗೆ ಉಳಿಯುತ್ತದೆ ಎಂಬುದರ ಅಳತೆ. ಹಾಗಾಗಿ ಹಳೆಯ ಡೀಸೆಲ್ ಎಂಜಿನ್ನಿಗೆ ಕಂಪನಿಯವರೇ 15ಡಬ್ಲ್ಯು-40 ಎಂದು ಹೇಳಿದ್ದರೆ, ನಮ್ಮೂರ ಚಳಿಗೆ ಅದನ್ನು ಬದಲಿಸುವ ಅಗತ್ಯವೇ ಇಲ್ಲ.

ನಾನೂ ಒಮ್ಮೆ ಎಡವಿದ್ದೇನೆ. ‘ಚಳಿಗೆ ದಪ್ಪ ಎಣ್ಣೆ ಇರಲಿ, ಎಂಜಿನ್ನಿಗೆ ಶಕ್ತಿ’ ಎಂದು ಒಬ್ಬ ಮೆಕ್ಯಾನಿಕ್ ಹೇಳಿದ ಮಾತು ನಂಬಿ ನನ್ನ ಹಳೆ ಗಾಡಿಗೆ 20ಡಬ್ಲ್ಯು-50 ಹಾಕಿಸಿದೆ. ಬೆಳಗಿನ ಸ್ಟಾರ್ಟಿಂಗ್ ಮೊದಲಿಗಿಂತ ಕೆಟ್ಟಿತು. ಕೊನೆಗೆ ನೋಡಿದರೆ ನಾಲ್ಕು ಹೀಟರ್ ಪ್ಲಗ್ಗುಗಳಲ್ಲಿ ಎರಡು ಸತ್ತಿದ್ದವು. ಡೀಸೆಲ್ ಎಂಜಿನ್ನಿನಲ್ಲಿ ಕಿಡಿ ಹಾರಿಸುವ ಪ್ಲಗ್ ಇರುವುದಿಲ್ಲ. ಗಾಳಿಯನ್ನು ಒತ್ತಿ ಒತ್ತಿ ಹುಟ್ಟಿದ ಕಾವಿನಲ್ಲೇ ಡೀಸೆಲ್ ಹೊತ್ತಿಕೊಳ್ಳಬೇಕು. ತಣ್ಣಗಿರುವ ಎಂಜಿನ್ನಿಗೆ ಆ ಕಾವು ಸಾಲದೆ ಬಂದಾಗ ಹೀಟರ್ ಪ್ಲಗ್ ನೆರವಾಗುತ್ತದೆ. ನಿನ್ನ ಕಾರಿನ ಕೆಮ್ಮಿಗೂ ಮೊದಲು ಅದನ್ನೇ ನೋಡಿಸು, ಬ್ಯಾಟರಿ ನೋಡಿಸು, ಅದರ ಟರ್ಮಿನಲ್ಲಿನ ಬಿಳಿ ಪುಡಿ ಒರೆಸಿಸು. ಕೀ ತಿರುಗಿಸಿದಾಗ ಸುರುಳಿಯಂಥ ಹಳದಿ ದೀಪ ಹತ್ತುತ್ತದಲ್ಲ, ಅದು ಆರಿದ ಮೇಲೆ ಸೆಲ್ಫ್ ಹೊಡಿ.

ಎಣ್ಣೆ ಆರಿಸುವಾಗ ಚಳಿಗಿಂತ ಮುಖ್ಯವಾದದ್ದು ನಿನ್ನ ಕಾರಿನ ಹೊಗೆಕೊಳವೆಯಲ್ಲಿದೆ. 2020ರ ಏಪ್ರಿಲ್ 1ರಿಂದ ದೇಶದಲ್ಲಿ ಬಿಎಸ್-6 ಎಂಬ ಹೊಗೆ ನಿಯಮ ಜಾರಿಗೆ ಬಂತು. ಆಮೇಲೆ ಬಂದ ಡೀಸೆಲ್ ಕಾರುಗಳಲ್ಲಿ ಮಸಿ ಹಿಡಿಯುವ ಡಿಪಿಎಫ್ ಎಂಬ ಫಿಲ್ಟರ್ ಇರುತ್ತದೆ. ಅದರಲ್ಲಿ ಕೂತ ಮಸಿಯನ್ನು ಎಂಜಿನ್ ತಾನೇ ಕಾಯಿಸಿ ಸುಟ್ಟುಕೊಳ್ಳುತ್ತದೆ. ಎಣ್ಣೆ ಸುಟ್ಟು ಬಂದ ಬೂದಿಯನ್ನು ಮಾತ್ರ ಸುಡಲು ಆಗದು. ಒಲೆಯಲ್ಲಿ ಸೌದೆ ಉರಿದು ಹೋಗುತ್ತದೆ, ಬೂದಿ ಉಳಿಯುತ್ತದೆ, ಹಾಗೆ. ಆ ಬೂದಿ ವರ್ಷಗಟ್ಟಲೆ ತುಂಬುತ್ತಾ ಹೋದರೆ ಫಿಲ್ಟರ್ ಕಟ್ಟಿಕೊಳ್ಳುತ್ತದೆ, ಹೊಸದರ ಬೆಲೆ ಕೇಳಿದರೆ ಎದೆ ಝಲ್ಲೆನ್ನುತ್ತದೆ. ಅದಕ್ಕೇ ಇಂಥ ಕಾರುಗಳಿಗೆ ಕಡಿಮೆ ಬೂದಿಯ ಎಣ್ಣೆ ಬೇಕು. ಡಬ್ಬಿಯ ಹಿಂಬದಿಯಲ್ಲಿ ಎಸಿಇಎ ಸಿ2, ಸಿ3 ಎಂಬಂಥ ಗುರುತುಗಳಿರುತ್ತವೆ. ನಿನ್ನ ಕಾರಿನ ಪುಸ್ತಕದಲ್ಲಿರುವ ಗುರುತು ಡಬ್ಬಿಯ ಮೇಲಿನ ಗುರುತಿಗೆ ಅಕ್ಷರ ಅಕ್ಷರವೂ ಹೊಂದಬೇಕು. 5ಡಬ್ಲ್ಯು-30 ಎಂಬ ದಪ್ಪವೊಂದೇ ಹೊಂದಿದರೆ ಸಾಲದು.

ಹಾಗಾದರೆ ನಮ್ಮೂರ ಚಳಿಯಿಂದ ಎಂಜಿನ್ನಿಗೆ ಏನೂ ಆಗದೇ? ಆಗುತ್ತದೆ, ಸ್ಟಾರ್ಟ್ ಮಾಡಿದ ಮೊದಲ ಕೆಲವು ನಿಮಿಷಗಳಲ್ಲಿ. 15ಡಬ್ಲ್ಯು-40 ಎಣ್ಣೆ 100 ಡಿಗ್ರಿಯಲ್ಲಿರುವುದಕ್ಕಿಂತ 40 ಡಿಗ್ರಿಯಲ್ಲಿ ಏಳೆಂಟು ಪಟ್ಟು ದಪ್ಪಗಿರುತ್ತದೆ. ಬೆಳಗಿನ ಚಳಿಯಲ್ಲಿ ಇನ್ನೂ ದಪ್ಪ. ರಾತ್ರಿಯೆಲ್ಲ ಕೆಳಗಿಳಿದು ಕೂತ ಎಣ್ಣೆ ಟರ್ಬೊವರೆಗೆ ಏರಿ ಹೋಗಬೇಕು. ದನ ಕಟ್ಟಿದ ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ: ನೊಗ ಹೂಡಿದ ಕೂಡಲೇ ಎತ್ತಿಗೆ ಬಾರುಕೋಲು ಬೀಸಿ ಓಡಿಸುವವನು ರೈತನಲ್ಲ. ಸ್ಟಾರ್ಟ್ ಆದೊಡನೆ ರೇಸ್ ಕೊಡಬೇಡ. ಅರ್ಧ ನಿಮಿಷ ಬಿಟ್ಟು ಹೊರಡು, ಮೊದಲ ನಾಲ್ಕೈದು ಕಿಲೋಮೀಟರ್ ಮೆಲ್ಲಗೆ ಓಡಿಸು. ನಿಲ್ಲಿಸಿಕೊಂಡೇ ಹತ್ತು ನಿಮಿಷ ಬಿಸಿ ಮಾಡುವುದೂ ಬೇಡ. ಡೀಸೆಲ್ ಎಂಜಿನ್ ನಿಂತಲ್ಲಿ ಬೇಗ ಕಾಯುವುದಿಲ್ಲ.

ನಿನ್ನ ಓಡಾಟ ಮತ್ತಿಗಿರಿಯಿಂದ ಹೊಸೂರಿಗೆ, ಹೊಸೂರಿನಿಂದ ಮನೆಗೆ. ಎಂಜಿನ್ ಪೂರ್ತಿ ಕಾಯುವಷ್ಟರಲ್ಲಿ ಊರು ಬಂದಿರುತ್ತದೆ. ಮಸಿ ಸುಡುವ ಕೆಲಸ ಅರ್ಧಕ್ಕೇ ನಿಂತು, ಅದಕ್ಕೆಂದು ಹೆಚ್ಚಾಗಿ ಚಿಮ್ಮಿದ ಡೀಸೆಲ್ ಎಂಜಿನ್ ಆಯಿಲ್ಲಿಗೆ ಇಳಿಯುತ್ತದೆ. ಡಿಪ್‌ಸ್ಟಿಕ್ಕಿನಲ್ಲಿ ಎಣ್ಣೆ ಇಳಿಯುವ ಬದಲು ಏರಿದ್ದರೆ, ಮೂಸಿದರೆ ಡೀಸೆಲ್ ವಾಸನೆ ಬಂದರೆ, ಕಿಲೋಮೀಟರ್ ಲೆಕ್ಕ ನೋಡದೆ ಬದಲಿಸು. ವಾರಕ್ಕೊಮ್ಮೆ ಕೃಷ್ಣಗಿರಿ ರಸ್ತೆಯಲ್ಲಿ ಅರ್ಧ ಗಂಟೆ ಒಂದೇ ವೇಗದಲ್ಲಿ ಓಡಿಸು. ಎಣ್ಣೆ ಕಪ್ಪಾಯಿತೆಂದು ಮಾತ್ರ ಗಾಬರಿಯಾಗಬೇಡ, ಡೀಸೆಲ್ ಎಂಜಿನ್ನಿನಲ್ಲಿ ಮಸಿಯನ್ನು ತನ್ನೊಳಗೆ ಹಿಡಿದಿಟ್ಟುಕೊಳ್ಳುವುದೇ ಅದರ ಕೆಲಸ. ಕಿಲೋಮೀಟರ್ ಓಡದಿದ್ದರೂ ಪುಸ್ತಕ ಹೇಳಿದ ಅವಧಿ ಮುಗಿದರೆ ಎಣ್ಣೆಯನ್ನೂ ಫಿಲ್ಟರನ್ನೂ ಒಟ್ಟಿಗೇ ಬದಲಿಸು.

ಮುಂದೊಂದು ದಿನ ಕಾರು ತೆಗೆದುಕೊಂಡು ಲಡಾಖಿಗೆ ಹೋಗುವ ಆಸೆ ನಿನಗಿದೆ. ಅಲ್ಲಿಯ ಚಳಿಯ ಮಾತೇ ಬೇರೆ. ಅಲ್ಲಿ ಆಯಿಲ್ಲಿಗಿಂತ ಮೊದಲು ಟ್ಯಾಂಕಿನ ಡೀಸೆಲ್ಲೇ ಗಟ್ಟಿಯಾಗುತ್ತದೆ. ಅದಕ್ಕೆಂದೇ 2019ರ ನವೆಂಬರಿನಲ್ಲಿ ಇಂಡಿಯನ್ ಆಯಿಲ್, ಸೊನ್ನೆಗಿಂತ 33 ಡಿಗ್ರಿ ಕೆಳಗೂ ಹರಿಯುವ ಚಳಿಗಾಲದ ಡೀಸೆಲ್ ಅನ್ನು ಅಲ್ಲಿಗೆ ತಂದಿತು. ಅಂಥ ಕಡೆಗೆ ಹೊರಡುವಾಗ 5ಡಬ್ಲ್ಯು ಎಣ್ಣೆಯ ಬಗ್ಗೆ, ಕೂಲೆಂಟಿನ ಬಗ್ಗೆ ಯೋಚಿಸೋಣ.

ಇನ್ನೊಂದು ಮಾತು. ಎಣ್ಣೆಯನ್ನು ಬಿಲ್ ಕೊಡುವ ಅಂಗಡಿಯಲ್ಲೇ ತೆಗೆದುಕೋ, ಸೀಲ್ ನಿನ್ನ ಕಣ್ಣೆದುರಿಗೇ ಒಡೆಯಲಿ. ಖಾಲಿ ಡಬ್ಬಿಯನ್ನು ತೂತು ಮಾಡಿ ಬಿಸಾಡು, ನಕಲಿ ಎಣ್ಣೆ ತುಂಬುವವರ ಕೈಗೆ ಅದು ಸಿಗಬಾರದು. ಇಳಿಸಿದ ಹಳೆ ಎಣ್ಣೆಯನ್ನು ಚರಂಡಿಗೆ ಸುರಿಯಲು ಬಿಡಬೇಡ. ಅದು ಕೊನೆಗೆ ಸೇರುವುದು ನಮ್ಮ ಕೆರೆಯನ್ನೇ. ಶುದ್ಧ ಮಾಡುವವರಿಗೆ ಕಳಿಸುವ ವರ್ಕ್‌ಶಾಪಿಗೆ ಕೊಡು.

ಕಾರಿನ ಜೊತೆ ಬಂದ ಪುಸ್ತಕ ಡ್ಯಾಶ್‌ಬೋರ್ಡಿನ ಪೆಟ್ಟಿಗೆಯಲ್ಲಿ ಕವರ್ ಕೂಡ ಬಿಚ್ಚದೆ ಬಿದ್ದಿರುವುದನ್ನು ನಾನು ನೋಡಿದ್ದೇನೆ. ಎಂಜಿನ್ ಮಾಡಿದವರು ಅದಕ್ಕೆ ಯಾವ ಎಣ್ಣೆ ಬೇಕೆಂದು ಅದರಲ್ಲಿ ಬರೆದಿದ್ದಾರೆ. ಇವತ್ತು ರಾತ್ರಿ ಆ ಒಂದು ಪುಟ ಓದು, ನಾಳೆ ಬೆಳಗ್ಗೆ ಎಂಜಿನ್ ತಣ್ಣಗಿರುವಾಗಲೇ ಡಿಪ್‌ಸ್ಟಿಕ್ ಎಳೆದು ನೋಡು. ಆಮೇಲೆ ಅಂಗಡಿಗೆ ಹೋಗು.