ನೀರಿಗಿಳಿಸುವ ಮೊದಲಿನ ಅಂಕ

ಶಾಲಾ ಮಕ್ಕಳಿಗಾಗಿ ರೋಬೋಟಿಕ್ಸ್ ಸ್ಪರ್ಧೆ ನಡೆಸುವ ಕಿರಿಯ ಗೆಳೆಯರೇ, ಲೈನ್ ಫಾಲೋವರ್, ರೋಬೋ ಸಾಕರ್‌ಗಳ ಜೊತೆಗೆ ಈ ಸಲ ನೀರೊಳಗಿನ ಸ್ಪರ್ಧೆಯನ್ನೂ ಇಡಬೇಕೆಂಬ ಆಸೆ ನಿಮಗಿದ್ದರೆ ಧೈರ್ಯವಾಗಿ ಇಡಿ. ಹಿರಿಯನಾಗಿ ನನ್ನದು ಒಂದೇ ಕಿವಿಮಾತು: ಯಂತ್ರ ನೀರಿನಲ್ಲಿ ಮಾಡಿದ ಕೆಲಸಕ್ಕೆ ಎಷ್ಟು ಅಂಕ ಕೊಡುತ್ತೀರೋ, ಅದನ್ನು ನೀರಿಗಿಳಿಸುವ ಮೊದಲು ಮಕ್ಕಳು ಮಾಡಿದ ಕೆಲಸಕ್ಕೂ ಅಷ್ಟೇ ಕೊಡಿ.

ನೆಲದ ಮೇಲೆ ಯಂತ್ರ ನಿಂತುಹೋದರೆ ಕೈಗೆತ್ತಿಕೊಂಡು, ಬಿಟ್ಟುಹೋದ ವೈರು ಸಿಕ್ಕಿಸಿ ಮತ್ತೆ ಓಡಿಸಬಹುದು. ನೀರು ಅಷ್ಟು ಸಡಿಲ ಬಿಡುವುದಿಲ್ಲ. ಸೀಲಿನಲ್ಲಿ ಕೂದಲೆಳೆಯಷ್ಟು ಸಂದು ಉಳಿದರೂ ಸಾಕು, ವಾರಗಟ್ಟಲೆ ಕೂತು ಬೆಸುಗೆ ಹಾಕಿದ ಬೋರ್ಡು ನಿಮಿಷದಲ್ಲಿ ಸುಟ್ಟುಹೋದೀತು. ವೈಫೈ, ಬ್ಲೂಟೂತ್‌ಗಳ ರೇಡಿಯೋ ಅಲೆಯನ್ನು ನೀರು ಹೀರಿಕೊಳ್ಳುವುದರಿಂದ, ಅವನ್ನು ನಂಬಿದ ಯಂತ್ರ ಗೇಣು ಆಳಕ್ಕಿಳಿಯುವಷ್ಟರಲ್ಲಿ ಹೇಳಿದ ಮಾತು ಕೇಳದಾಗುತ್ತದೆ. ತೂಕ ತುಸು ಹೆಚ್ಚಾದರೆ ತಳ ಸೇರುತ್ತದೆ, ತುಸು ಕಡಿಮೆಯಾದರೆ ಮುಳುಗುವುದೇ ಇಲ್ಲ. ಹೀಗಿರುವಾಗ ಕೊನೆಯ ಹತ್ತು ನಿಮಿಷದ ಓಟವನ್ನಷ್ಟೇ ನೋಡಿ ಅಂಕ ಹಾಕಿದರೆ, ಎಲ್ಲವನ್ನೂ ಅರಿತು ಮಾಡಿದ ತಂಡವೂ ಒಂದು ಹನಿ ನೀರಿಗೆ ಸೋತು ಬರಿಗೈಯಲ್ಲಿ ಹೋಗುತ್ತದೆ. ಮುಂದಿನ ವರ್ಷ ಆ ಮಕ್ಕಳು ನಿಮ್ಮತ್ತ ತಿರುಗಿಯೂ ನೋಡಲಾರರು.

ಅಮೆರಿಕದಲ್ಲಿ 2004ರಲ್ಲಿ ನಡೆದದ್ದನ್ನು ನೆನಪಿಡಿ. ಮೇಟ್ ಎಂಬ ಸಂಸ್ಥೆ ನಡೆಸಿದ ನೀರೊಳಗಿನ ರೋಬೋಟ್ ಸ್ಪರ್ಧೆ ಆ ವರ್ಷ ಕ್ಯಾಲಿಫೋರ್ನಿಯಾದ ಸಾಂತಾ ಬಾರ್ಬರಾದಲ್ಲಿತ್ತು. ಅರಿಜೋನಾದ ಫೀನಿಕ್ಸ್ ನಗರದ ಕಾರ್ಲ್ ಹೇಡನ್ ಪ್ರೌಢಶಾಲೆಯಿಂದ ನಾಲ್ವರು ಹುಡುಗರು ಬಂದಿದ್ದರು. ಎಲ್ಲರೂ ಮೆಕ್ಸಿಕೋದಿಂದ ಬಂದ ಬಡ ವಲಸೆ ಕುಟುಂಬಗಳವರು. ಪಿವಿಸಿ ಪೈಪು ಜೋಡಿಸಿ ಮಾಡಿದ ಅವರ ಯಂತ್ರದ ಡಬ್ಬಿಗೆ ಅಭ್ಯಾಸದ ವೇಳೆಯಲ್ಲೇ ನೀರು ಜಿನುಗಿತು. ಮುಟ್ಟಿನ ದಿನಗಳಲ್ಲಿ ಬಳಸುವ ಟ್ಯಾಂಪೂನ್‌ಗಳನ್ನು ಒಳಗಿಟ್ಟು ಅವರು ಆ ನೀರನ್ನು ಹೀರಿಸಿದರು. ಕೊಳದ ಅಂಕಗಳಲ್ಲಿ ಅವರು ಮೊದಲಿಗರಾಗಲಿಲ್ಲ. ಆದರೆ ತಾಂತ್ರಿಕ ವರದಿಗೂ ತೀರ್ಪುಗಾರರ ಪ್ರಶ್ನೆಗಳಿಗೆ ಕೊಟ್ಟ ಉತ್ತರಕ್ಕೂ ಅಲ್ಲಿ ಅಂಕವಿತ್ತು. ಒಟ್ಟು ಲೆಕ್ಕದಲ್ಲಿ ಅವರು ಹೆಸರಾಂತ ಎಂಐಟಿಯ ತಂಡವನ್ನೂ ಹಿಂದೆ ಹಾಕಿದರು. ಆ ಅಂಕಪಟ್ಟಿ ಬೇರೆ ರೀತಿ ಇದ್ದಿದ್ದರೆ ಅವರ ಜಾಣತನ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ.

ಹಾಗಾದರೆ ಮೊದಲೇ ಏನನ್ನು ನೋಡಬೇಕು? ಯಂತ್ರದ ಖಾಲಿ ಡಬ್ಬಿಯೊಳಗೆ ಟಿಶ್ಯೂ ಕಾಗದವಿಟ್ಟು, ಕಲ್ಲು ಕಟ್ಟಿ, ರಾತ್ರಿಯಿಡೀ ನೀರಿನ ತೊಟ್ಟಿಯಲ್ಲಿ ಮುಳುಗಿಸಿ ನೋಡಿದ್ದಾರೆಯೇ ಕೇಳಿ. ತೇಲಿಸುವ ಥರ್ಮಾಕೋಲ್ ಮೇಲೆ, ಭಾರ ಕೆಳಗೆ ಯಾಕಿಟ್ಟಿರಿ ಎಂದು ಕೇಳಿ. ತೇಲುವ ಬಲದ ಕೇಂದ್ರ ಭಾರದ ಕೇಂದ್ರಕ್ಕಿಂತ ಮೇಲಿದ್ದರೆ ಯಂತ್ರ ಮಗುಚದೆ ನೆಟ್ಟಗಿರುತ್ತದೆ ಎಂದು ಎಂಟನೇ ತರಗತಿಯ ಹುಡುಗಿ ತನ್ನ ಮಾತಿನಲ್ಲಿ ಹೇಳಿದಳೆಂದರೆ, ಆರ್ಕಿಮಿಡೀಸನ ತತ್ವ ಪಾಠದಿಂದ ಅವಳ ಕೈಗೆ ಇಳಿದಿದೆ. ಕೆಟ್ಟದ್ದು, ಸರಿಪಡಿಸಿದ್ದು ಎಲ್ಲವನ್ನೂ ದಿನಾಂಕ ಹಾಕಿ ಬರೆದಿಟ್ಟ ನೋಟ್‌ಬುಕ್ಕಿಗೂ ಅಂಕವಿರಲಿ.

ಮೊದಲ ವರ್ಷ ಚಿಕ್ಕದಾಗಿಯೇ ಮಾಡಿ. ಸೊಂಟದುದ್ದದ ತೊಟ್ಟಿ ಸಾಕು. ಯಂತ್ರಕ್ಕೆ ಕೇಬಲ್ ಕಟ್ಟಿರಲಿ, ತಾನೇ ದಾರಿ ಹುಡುಕುವ ಯಂತ್ರಗಳು ಆಮೇಲೆ ಬರಲಿ. 12 ವೋಲ್ಟಿನ ಬ್ಯಾಟರಿ ಮತ್ತು ಫ್ಯೂಸು ಕಡ್ಡಾಯ. ಗೋಡೆಯ ಪ್ಲಗ್ಗಿನಿಂದ ಬಂದ ಕರೆಂಟು ತೊಟ್ಟಿಯ ಹತ್ತಿರವೂ ಸುಳಿಯಬಾರದು. ಬಿದ್ದ ಯಂತ್ರವನ್ನು ಮಕ್ಕಳು ನೀರಿಗಿಳಿದು ಎತ್ತಬಾರದು. ಅದಕ್ಕೆ ಈಜು ಬಲ್ಲ ದೊಡ್ಡವರೊಬ್ಬರು ಪಕ್ಕದಲ್ಲೇ ಇರಲಿ. ಈ ವಿಷಯದಲ್ಲಿ ಯಾರ ಮುಲಾಜೂ ಬೇಡ. ಖರ್ಚಿಗೆ ಹೆದರಬೇಡಿ. ಪಿವಿಸಿ ಪೈಪಿನ ಚೌಕಟ್ಟು, ಪುಟ್ಟ ಡಬ್ಬಿಯಲ್ಲಿ ಮೋಟಾರು ಇಟ್ಟು ಸುತ್ತ ಮೇಣ ತುಂಬುವುದು, ಇಷ್ಟರಿಂದಲೇ ಸೀಪರ್ಚ್ ಎಂಬ ಶಾಲಾ ಯೋಜನೆಯ ಮಕ್ಕಳು ಯಂತ್ರ ಕಟ್ಟುತ್ತಾರೆ.

ಕೊಡುವ ಸವಾಲು ನಮ್ಮ ನೀರಿನದಾಗಿರಲಿ. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್ ಗೇಟು ಚೈನು ತುಂಡಾಗಿ ಕೊಚ್ಚಿಹೋದಾಗ ರೈತರ ಎದೆ ಹೇಗೆ ಬಡಿದುಕೊಂಡಿತೆಂದು ನಮಗೆಲ್ಲ ಗೊತ್ತು. ತೊಟ್ಟಿಯಲ್ಲಿ ಗೇಟಿನದೊಂದು ಮಾದರಿ ನಿಲ್ಲಿಸಿ, ಅದರ ಮೇಲಿನ ಬಿರುಕುಗಳನ್ನು ಕ್ಯಾಮೆರಾದಲ್ಲಿ ಹುಡುಕಿ ಎಣಿಸುವ ಕೆಲಸ ಕೊಡಿ. ತಾವು ಕಲಿಯುತ್ತಿರುವುದು ಯಾರಿಗೆ ಬೇಕಾದದ್ದೆಂದು ಮಕ್ಕಳಿಗೆ ಬೇರೆ ಹೇಳಬೇಕಾಗುವುದಿಲ್ಲ.

ಇದರಲ್ಲಿ ಪಳಗಿದವರಿಗೆ ಮುಂದೆ ದಾರಿಯೂ ಇದೆ. ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆ ಮೂವರನ್ನು 6,000 ಮೀಟರ್ ಆಳಕ್ಕೆ ಇಳಿಸಲೆಂದು ಮತ್ಸ್ಯ 6000 ನೌಕೆಯನ್ನು ರೂಪಿಸುತ್ತಿದೆ. ಪ್ರತಿ 10 ಮೀಟರಿಗೆ ಒಂದು ವಾತಾವರಣದಷ್ಟು ಒತ್ತಡ ಏರುವುದರಿಂದ, ಅಲ್ಲಿ ಅದು ನಮ್ಮ ಮೇಲಿರುವುದರ ಸುಮಾರು 600 ಪಟ್ಟು. ಅಂಥ ಕಡೆ ಕೆಲಸ ಮಾಡುವವರಿಗೆ ಬೇಕಾದ ಮೊದಲ ಗುಣ, ಇಳಿಯುವ ಮುಂಚೆ ಹತ್ತು ಸಲ ಪರೀಕ್ಷಿಸುವ ತಾಳ್ಮೆ. ಅದನ್ನು ಶಾಲೆಯಲ್ಲೇ ಬೆಳೆಸುವ ಅವಕಾಶ ನಿಮ್ಮ ಕೈಯಲ್ಲಿದೆ. ಆದ್ದರಿಂದ ತೊಟ್ಟಿಗೆ ದುಡ್ಡು ಹೊಂದಿಸುವ ಮೊದಲು ಕೂತು ಅಂಕಪಟ್ಟಿ ಬರೆಯಿರಿ, ಸ್ಪರ್ಧೆಗೆ ಮೂರು ತಿಂಗಳಿರುವಾಗಲೇ ಅದನ್ನು ಶಾಲೆಗಳಿಗೆ ತಲುಪಿಸಿ.