ಕೆಂಗಣ್ಣಿಗೆ ಯಾವ ಹನಿ?

2023ರ ಜುಲೈ-ಆಗಸ್ಟ್ ಮಳೆಯಲ್ಲಿ ಕರಾವಳಿಯ ಶಾಲೆ-ಕಾಲೇಜುಗಳಲ್ಲಿ ಕೆಂಗಣ್ಣು ಹರಡಿದ್ದು ನೆನಪಿರಬಹುದು. ಆಗ ಮರವಂತೆಯಲ್ಲಿ ಒಂದೇ ಬಾಟಲಿಯ ಹನಿ ಮೂರು ಮನೆ ಸುತ್ತಿದ್ದನ್ನು ನಾನು ಕಂಡಿದ್ದೇನೆ.

ಹೀಗೆ ಗುಂಪಾಗಿ ಹರಡುವ ಕೆಂಗಣ್ಣಿಗೆ ಹೆಚ್ಚಾಗಿ ವೈರಸ್ ಕಾರಣ. ಮಾಕ್ಸಿಫ್ಲಾಕ್ಸಾಸಿನ್‌ನಂಥ ಆಂಟಿಬಯಾಟಿಕ್ ಹನಿ ಕೊಲ್ಲುವುದು ಬ್ಯಾಕ್ಟೀರಿಯಾವನ್ನು, ವೈರಸ್ಸನ್ನಲ್ಲ. ಒಂದೆರಡು ವಾರದಲ್ಲಿ ಕೆಂಗಣ್ಣು ತಾನಾಗಿ ಇಳಿಯುತ್ತದೆ, ಹೆಸರು ಮಾತ್ರ ಹನಿಗೆ!

ಸ್ಟೀರಾಯ್ಡ್ ಹನಿಯ ವಿಷಯ ಬೇರೆ. ಡೆಕ್ಸಾಮೆಥಾಸೋನ್, ಪ್ರೆಡ್ನಿಸೋಲೋನ್ ಯಾವ ರೋಗಾಣುವನ್ನೂ ಕೊಲ್ಲುವುದಿಲ್ಲ. ರೋಗಾಣುವಿನ ವಿರುದ್ಧ ದೇಹ ನಡೆಸುವ ಹೋರಾಟವನ್ನೇ ತಗ್ಗಿಸುತ್ತವೆ. ಆದ್ದರಿಂದ ಕೆಂಪು, ಉರಿ ಬೇಗ ಕಡಿಮೆಯಾಗುತ್ತದೆ. ಅಪಾಯ ಇರುವುದೂ ಅಲ್ಲೇ. ಭತ್ತದ ಹೊಟ್ಟೋ ಎಲೆಯ ಅಂಚೋ ತಾಗಿ ಕಾರ್ನಿಯಾ ಗೀರಿ, ಅಲ್ಲಿ ಶಿಲೀಂಧ್ರ ಸೇರಿದೆ ಎಂದುಕೊಳ್ಳಿ. ಈ ಹನಿ ಹಾಕಿದರೆ ಅದು ಒಳಗೊಳಗೇ ಬೆಳೆಯುತ್ತದೆ. ಬಿಳಿ ಕಲೆ ಉಳಿದು ದೃಷ್ಟಿಯೇ ಹೋಗಬಹುದು. ಹರ್ಪಿಸ್ ವೈರಸ್ಸಿನ ಹುಣ್ಣೂ ಹೀಗೆಯೇ ಉಲ್ಬಣಿಸುತ್ತದೆ. ವಾರಗಟ್ಟಲೆ ಹಾಕಿದರೆ ಕೆಲವರಿಗೆ ಕಣ್ಣಿನೊಳಗಿನ ಒತ್ತಡ ಏರಿ ಗ್ಲಾಕೋಮಾ ಬರುತ್ತದೆ. ಹೆಚ್ಚಾಗಿ ನೋವಿಲ್ಲದ ಕಾರಣ ಗೊತ್ತಾಗುವುದು ತಡ. ಕಾರ್ನಿಯಾ ಪರೀಕ್ಷಿಸಿದ ಕಣ್ಣಿನ ವೈದ್ಯರೇ ಬರೆದುಕೊಟ್ಟರೆ ಇದೇ ಸ್ಟೀರಾಯ್ಡ್ ಒಳ್ಳೆಯ ಔಷಧ.

ಎರಡನ್ನೂ ಬೆರೆಸಿದ ಹನಿಗಳೂ ಇವೆ. ಬಾಟಲಿಯ ಮೇಲಿನ ಸಣ್ಣ ಅಕ್ಷರ ಓದಿ, ಎರಡು ಹೆಸರು ಕಾಣುತ್ತವೆ. ಕಣ್ಣು ನೋಯುತ್ತಿದ್ದರೆ, ಬೆಳಕು ನೋಡಲಾಗದಿದ್ದರೆ, ದೃಷ್ಟಿ ಮಸುಕಾದರೆ ಮೆಡಿಕಲ್ಲಿನಲ್ಲಿ ಕೇಳಬೇಡಿ. ಕುಂದಾಪುರಕ್ಕೆ ಹೋಗಿ ಕಣ್ಣಿನ ಡಾಕ್ಟರಿಗೆ ತೋರಿಸಿ. ಮನೆಯಲ್ಲಿ ಹಳೆಯ ಬಾಟಲಿ ಇದ್ದರೆ, ತೆರೆದು ತಿಂಗಳಾಗಿದ್ದರೆ, ಬಿಸಾಡಿ.